ಕರಡಿಯ ಬೆನ್ನು

ಮಕ್ಕಳ ಚಿತ್ರಪುಸ್ತಕವೊಂದನ್ನು ನಾವು ಅನಿಮೇಷನ್ ಸಿನಿಮಾ ಮಾಡುತ್ತಿದ್ದೆವು. ಅದರಲ್ಲಿನ ಅಂಚೆಯಣ್ಣ ಕರಡಿಗೆ ಪುಟಪುಟದಲ್ಲೂ ಮುಖವೇ ಮುಖ, ಬೆನ್ನೇ ಇಲ್ಲ. ಸಿನಿಮಾದಲ್ಲಾದರೋ ಅವನು ಕಾಗದ ಕೊಟ್ಟು ತಿರುಗಿ ಹೋಗಲೇಬೇಕು. ಚಿತ್ರ ಬರೆದವರು ತೀರಿಕೊಂಡಿದ್ದರು. ಒಪ್ಪಿಗೆ ಕೊಡಬೇಕಾದವರು ಅವರ ಅಕ್ಕ. ನಾನು ಬರೆದ ಮೂರು ಬೆನ್ನುಗಳನ್ನೂ ನೋಡಿ, "ಇದು ಯಾರ್ದೋ ಬೆನ್ನು ಕಣಪ್ಪಾ, ನಮ್ಮವನದಲ್ಲ" ಎಂದುಬಿಟ್ಟರು. ನಾಲ್ಕನೆಯದೂ ಹಿಡಿಸದಿದ್ದರೆ ಸಿನಿಮಾ ನಿಂತಂತೆಯೇ.

ಅವರು ಬರಬೇಕಿದ್ದ ಶುಕ್ರವಾರ ನಾವೆಲ್ಲ ಸ್ಟುಡಿಯೋಗೆ ಬೀಗ ಹಾಕಿ ಊಟಕ್ಕೆ ಹೋಗಿ ಬಂದೆವು. ನಾನು ಖಾಲಿ ಬಿಟ್ಟುಹೋಗಿದ್ದ ಹಾಳೆಯಲ್ಲಿ ಕರಡಿಯ ಬೆನ್ನಿತ್ತು. ಚಡ್ಡಿಯ ಹೆಗಲುಪಟ್ಟಿ ಹರಿದಿತ್ತು, ಅದಕ್ಕೊಂದು ಪಿನ್ನು ಹಾಕಿತ್ತು. ಪೆನ್ಸಿಲ್ ಇನ್ನೂ ಬೆಚ್ಚಗಿತ್ತು. ವಾಲಿದ ರೀತಿ ನೋಡಿದರೆ ಗೆರೆಗಳೆಲ್ಲ ಎಡಗೈಯವು; ನಮ್ಮಲ್ಲಿ ಎಡಚರು ಒಬ್ಬರೂ ಇಲ್ಲ.

ಅಕ್ಕ ನೋಡಿದವರೇ ನಕ್ಕುಬಿಟ್ಟರು. "ಈ ಪಿನ್ನು ಹಾಕಿ ತಮ್ಮನ್ನ ಸ್ಕೂಲಿಗೆ ಕಳಿಸ್ತಿದ್ದೋಳು ನಾನೇ. ಕಳ್ಳ, ಇನ್ನೂ ನೆನಪಿಟ್ಕೊಂಡಿದಾನೆ!"

ರುಜು ಬಿತ್ತು. ನಾವು ಕುಣಿದಾಡಿದೆವು.

ಹೊರಡುವಾಗ ಅವರು ನನ್ನ ಕುರ್ಚಿಯತ್ತ ನೋಡಿ, "ಇಷ್ಟು ತಗ್ಗಾದ್ರೆ ಅವನಿಗೆ ಸೊಂಟ ಹಿಡ್ಕೊಳ್ಳುತ್ತೆ, ಸ್ವಲ್ಪ ಎತ್ತರ ಮಾಡಿಡಪ್ಪಾ" ಎಂದರು. ಹಿರಿಯರ ಮಾತು, "ಆಗಲಿ ಅಮ್ಮಾ" ಎಂದೆ; ಆಮೇಲೆ ಮರೆತೇಬಿಟ್ಟೆ.

ಸೋಮವಾರ ಬೆಳಿಗ್ಗೆ ಬೀಗ ತೆಗೆದವನು ನಾನೇ. ಕುರ್ಚಿ ಆಗಲೇ ಎತ್ತರವಾಗಿತ್ತು. ಕೂತರೆ ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ.