ಬಲೆ ದಾಟಿದ ಚಿತ್ರ

"ಆ ಬ್ರಶ್ ಕೆಳಗಿಡಿ!"

ಏಣಿಯ ಮೇಲಿದ್ದವನು ಬೆಚ್ಚಿ ತಿರುಗಿದ. ಕೈಯ ಡಬ್ಬ ಓರೆಯಾಗಿ ನೀಲಿ ಬಣ್ಣ ಚೆಲ್ಲಿತು. ಕೆಳಗೆ ನಿಂತಿದ್ದವಳ ಸೆರಗಿನ ಮೇಲೇ ಬಿತ್ತು!

ಅವಳು ಸೆರಗಿನ ಕಡೆ ನೋಡಲೂ ಇಲ್ಲ. ಅವಳ ಕಣ್ಣೆಲ್ಲ ಗೋಡೆಯ ಮೇಲಿತ್ತು.

ಬೇಲೆಕೇರಿ ಬಂದರಿನ ಮಗ್ಗುಲಿಗಿದ್ದ ಮೀನುಗಾರರ ಕೇರಿ ಅದು. ಐಸ್ ಗೋದಾಮಿನ ಉದ್ದನೆಯ ಗೋಡೆಯೇ ಅಲ್ಲಿಯ ಪತ್ರಿಕೆ. ಸಾವು, ಮದುವೆ, ಸಭೆ, ಏನಿದ್ದರೂ ಅದರ ಮೇಲೇ ಬರಬೇಕು.

"ಎಂತ ಬರೀತಾ ಇದ್ರಿ ಇದು?"

"ನಿಮ್ಮ ಮೀನುಗಾರರ ಸಮಾಜದ ವಾರ್ಷಿಕ ಸಭೆ. 'ದೋಣಿಗೆ ಹೋಗುವ ಗಂಡಸರಿಗೆ ಮಾತ್ರ ಮತ'. ಆ ಕೊನೇ ಶಬ್ದ ಒಂದು ಬಾಕಿ ಅದೆ."

"ಅದನ್ನ ಬರೀಬೇಡಿ."

"ಅಧ್ಯಕ್ಷರು ಬರಿ ಅಂತ್ರು, ನೀವು ಬೇಡ ಅಂತ್ರಿ. ನಾ ಪೇಂಟರ್ ಅಲ್ವಾ ತಂಗೀ? ಹೇಳ್ದಂಗೆ ಬರೆಯುದು ನನ್ನ ಕೆಲ್ಸ."

"ಮೀನು ಮರದಲ್ಲಿ ಬೆಳೀತದೆ ಅಂದ್ರೆ ಅದನ್ನೂ ಬರೀತ್ರಾ?"

"ಬರೀತೆ. ಬೇಕಾದ್ರೆ ಮರದ ಚಿತ್ರವನ್ನೂ ಬಿಡಿಸ್ತೆ," ಎಂದು ಅವನು ನಕ್ಕ.

ಅವಳು ನಗಲಿಲ್ಲ. "ದಿಲ್ಲಿಗೆ ಯಾರು ಹೋಗ್ಬೇಕು ಅಂತ ಕೇಳೂಕೆ ನನ್ನ ಬೆರಳಿಗೆ ಶಾಯಿ ಹಚ್ತ್ರು. ನಾವು ಮೀನು ಒಣಗ್ಸು ಜಾಗ ಇರ್ಬೇಕೋ ಬೇಡ್ವೋ ಅಂತ ಕೇಳೂಕೆ ಮಾತ್ರ ನಾವು ಬೇಡ!"

ಅವನ ನಗು ಅಲ್ಲಿಗೇ ನಿಂತಿತು.

ಅವಳು ವೈಜಯಂತಿ. ತಾಂಡೇಲ ಜಗದೀಶನ ತಂಗಿ. ಅಣ್ಣ ದೋಣಿ ನಡೆಸಿದರೆ, ತಂದ ಮೀನನ್ನು ಒಣಗಿಸಿ ಮಾರುವುದು ಅವಳು. ಕೇರಿಯ ಎಲ್ಲ ಮನೆಯಲ್ಲೂ ಹೀಗೇ. ಅದಿರಿನ ಲಾರಿಗಳು ದಂಡೆ ತುಂಬತೊಡಗಿದ ಆ ವರ್ಷ, ಒಣಮೀನಿನ ಬಯಲನ್ನು ಲಾರಿ ನಿಲ್ಲಿಸಲು ಕೊಟ್ಟುಬಿಡುವ ಮಾತು ಸಮಾಜದಲ್ಲಿ ಎದ್ದಿತ್ತು. ಬಯಲಲ್ಲಿ ದುಡಿಯುವವರು ಹೆಂಗಸರು. ಕೈ ಎತ್ತಿ ತೀರ್ಮಾನಿಸುವವರು ಗಂಡಸರು. ಈ ಸಲದ ಸಭೆಯಲ್ಲಿ ಮೊದಲು ಹೆಂಗಸರಿಗೂ ಮತ ಕೊಡಬೇಕೋ ಬೇಡವೋ ಎಂಬುದೇ ನಿರ್ಧಾರವಾಗಲಿ ಎಂದು ವೈಜಯಂತಿ ಹಠ ಹಿಡಿದು, ಅಧ್ಯಕ್ಷ ದೇವಿದಾಸರಿಂದ ಅಷ್ಟನ್ನು ಒಪ್ಪಿಸಿಕೊಂಡಿದ್ದಳು.

ಅದನ್ನು ನಿರ್ಧರಿಸುವವರೂ ಗಂಡಸರೇ!

ಅವಳು ಸೆರಗು ಮುದುಡಿಕೊಂಡು ಹೊರಟುಹೋದಳು. ಪೇಂಟರ್ ಮಾದೇವ ಬಹಳ ಹೊತ್ತು ಏಣಿಯ ಮೇಲೇ ನಿಂತಿದ್ದ. ಕೊನೆಗೆ ಆ ಶಬ್ದವನ್ನೂ ಬರೆದ. ಬರೆಯದೆ ಏನು ಮಾಡುತ್ತಾನೆ?

ಆದರೆ ಅವನು ಅಷ್ಟಕ್ಕೇ ಇಳಿಯಲಿಲ್ಲ.

* * *

ಮರುದಿನ ಬೆಳಿಗ್ಗೆ ಗೋದಾಮಿನ ಮುಂದೆ ಹೆಂಗಸರ ಜಾತ್ರೆ!

ಸಭೆಯ ಬರಹದ ಕೆಳಗೆ ಒಂದು ಚಿತ್ರವಿತ್ತು. ಒಬ್ಬ ಹೆಂಗಸು ಬುಟ್ಟಿ ಹೊತ್ತು ನಡೆಯುತ್ತಿದ್ದಾಳೆ. ಬುಟ್ಟಿಯಲ್ಲಿ ದೋಣಿ, ಬಲೆ, ಮನೆ, ಮಕ್ಕಳು... ಅವುಗಳ ಮೇಲೆ ಕಾಲು ಚಾಚಿ ಇಸ್ಪೀಟು ಆಡುವ ಗಂಡಸರು. ಒಬ್ಬ ಎಲೆ ಎಸೆಯುತ್ತ ಹೇಳುತ್ತಿದ್ದಾನೆ: "ಹೆಂಗಸರಿಗೆ ಎಂತ ತಿಳಿತದೆ?"

"ಅಯ್ಯಯ್ಯೋ, ಆ ಮೂಲೆಯವ ನನ್ನ ಗಂಡನೇ! ಆ ಮೂಗು ನೋಡೇ ವೈಜೂ!" ಎಂದು ಮುದುಕಿ ನಾಗಿ ಹೊಟ್ಟೆ ಹಿಡಿದುಕೊಂಡಳು. "ಸತ್ತು ಇಷ್ಟು ವರ್ಷ ಆದ್ರೂ ನನ್ನ ತಲೆ ಮೇಲಿಂದ ಇಳೀಲಿಲ್ಲ ಅಂವ!"

ವೈಜಯಂತಿಯೂ ನಕ್ಕಳು. ನಕ್ಕು ನಕ್ಕು ಕಣ್ಣು ಒದ್ದೆಯಾಯಿತು. ಯಾರೋ ತನ್ನ ಮಾತನ್ನು ಕೇಳಿಸಿಕೊಂಡಿದ್ದರು...

ಗಂಡಸರು ಬಿಟ್ಟಾರೆಯೇ? ಕೇರಿಯಲ್ಲಿ ಚಿತ್ರ ಬರೆಯಬಲ್ಲವನು ಕಾಲೇಜಿಗೆ ಹೋಗುವ ರೋಹಿತ. ಸಂಜೆಯೊಳಗೆ ಅವನ ಚಿತ್ರ ಪಕ್ಕದಲ್ಲಿ ಅಂಟಿತು. ಹೆಂಗಸರು ಮತಪೆಟ್ಟಿಗೆಯ ಸುತ್ತ ಕೂತು ಚೌಕಾಸಿ ನಡೆಸಿದ್ದಾರೆ: "ಎರಡು ಬಂಗಡೆ ಜಾಸ್ತಿ ಹಾಕು, ಓಟು ನಿನಗೇ!" ದೂರದಲ್ಲಿ ಒಬ್ಬ ಗಂಡಸು ಅಳುವ ಕೂಸನ್ನು ಎತ್ತಿಕೊಂಡು ಒಲೆ ಊದುತ್ತಿದ್ದಾನೆ.

ಅದಕ್ಕೂ ಕೇರಿ ನಕ್ಕಿತು.

ಹೀಗೆ ಚಿತ್ರಗಳ ಜಗಳ ಶುರುವಾಯಿತು. ಮಾದೇವನದು ಅಗಸೂರು, ಗದ್ದೆ ಬೇಸಾಯದ ಮನೆ. ಅಂಕೋಲೆಯ ಅಂಗಡಿಗಳ ಬೋರ್ಡು, ಲಾರಿಗಳ ಹಣೆಬರಹ ಅವನ ಕಸುಬು. ಕಡಲ ಕೇರಿ ಅವನಿಗೆ ಹೊಸದು. ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಬರತೊಡಗಿದ.

ವೈಜಯಂತಿ ಹೇಳುವಳು. ಅವನು ಬರೆಯುವನು.

ಮೀನಿನ ಬುಟ್ಟಿ ಕಂಡರೆ ಬಸ್ಸು ನಿಲ್ಲಿಸದ ಕಂಡಕ್ಟರು, ಅದೇ ಬುಟ್ಟಿಯ ಮೀನನ್ನು ಮಧ್ಯಾಹ್ನ ಚಪ್ಪರಿಸಿ ಉಣ್ಣುವುದು... ಅವಳು ಒಣಗಿದ ತಾರ್ಲೆ ಮೀನು ಮಗುಚುತ್ತ ಒಂದೊಂದೇ ಹೇಳುತ್ತಿದ್ದರೆ, ಅವನ ಪೆನ್ಸಿಲು ಓಡುತ್ತಿತ್ತು.

"ನಿಮಗೆ ನಾತ ಬರೂದಿಲ್ವಾ ಇಲ್ಲಿ ಕೂತ್ರೆ?" ಎಂದು ಅವಳು ಒಮ್ಮೆ ಕೇಳಿದಳು.

"ಮೊದ್ಲು ಬರ್ತಿತ್ತು."

"ಈಗ?"

"ಈಗ ಮನೆಗೆ ಹೋದ್ರೆ ಬೇಜಾರು ಬರ್ತದೆ."

ಅವಳು ಮುಖ ತಿರುಗಿಸಿ ಮೀನು ಮಗುಚಿದಳು. ಆಗಲೇ ಮಗುಚಿದ್ದ ಮೀನನ್ನೇ ಮತ್ತೆ ಮಗುಚಿದಳು!

'ಇದೆಂಥ ಹುಚ್ಚು? ಅವನ ಜಾತಿ ಯಾವುದು, ನನ್ನದು ಯಾವುದು...' ಎಂದು ಮನಸ್ಸನ್ನು ಗದರಿಸಿಕೊಂಡಳು. ಮನಸ್ಸು ಕೇಳಲಿಲ್ಲ.

ಇತ್ತ ಒಳಗೊಳಗೇ ಗಾಳಿ ಬದಲಾಗುತ್ತಿತ್ತು. ಕೆಲವು ಗಂಡಸರು ಮೆತ್ತಗಾಗಿದ್ದರು. "ಕೊಡ್ವ, ಹೆಂಗಸ್ರೂ ಕೈ ಎತ್ಲಿ," ಎಂದು ಜಗದೀಶನೇ ಊಟದ ಹೊತ್ತಿನಲ್ಲಿ ಹೇಳಿದ್ದ. ಅಣ್ಣನ ಬಾಯಿಂದ ಆ ಮಾತು ಕೇಳಿ ವೈಜಯಂತಿ ಅವನ ತಟ್ಟೆಗೆ ಇನ್ನೊಂದು ಮೀನು ಬಡಿಸಿದಳು.

* * *

ಸಭೆ ಹತ್ತಿರ ಬಂದಿತ್ತು. ಕೊನೆಯ ಚಿತ್ರವನ್ನು ಅವಳಿಗೆ ಹೇಳದೆ, ಅವಳಿಗಾಗಿಯೇ ಬರೆಯಬೇಕೆಂದು ಮಾದೇವನಿಗೆ ಆಸೆ. ಎಲ್ಲರೂ ಮನೆ ಸೇರಿದ ಹೊತ್ತಿನಲ್ಲಿ ಬಂದು ಬರೆದುಹೋದ.

ನಸುಕಿನಲ್ಲಿ ದೋಣಿಗೆ ಹೊರಟ ಗಂಡಸರು ಗೋಡೆಯ ಮುಂದೆ ನಿಂತರು. ನಿಂತವರು ಮುಂದೆ ಹೋಗಲಿಲ್ಲ. ಅವತ್ತು ಆ ದಂಡೆಯಿಂದ ಒಂದು ದೋಣಿಯೂ ನೀರಿಗೆ ಇಳಿಯಲಿಲ್ಲ.

ಗಲಾಟೆ ಕೇಳಿ ವೈಜಯಂತಿ ಓಡಿ ಬಂದಳು. ಗುಂಪು ಸರಿಸಿ ಗೋಡೆ ನೋಡಿದಳು.

ಗೋಡೆಯ ತುಂಬ ಅವಳೇ! ಅವಳದೇ ಮುಖ, ಅವಳದೇ ನಗು. ಕೈಯಲ್ಲಿ ಮತಚೀಟಿ. ದೋಣಿಯ ಮೂತಿಯ ಮೇಲೆ ಒಂದು ಕಾಲು. ಇನ್ನೊಂದು ಕಾಲು... ಹಾಸಿದ ಬಲೆಯನ್ನು ದಾಟುತ್ತಿದೆ.

ಆ ಕೇರಿಯಲ್ಲಿ ಹೆಣ್ಣು ಬಲೆ ದಾಟುವುದಿಲ್ಲ. ಬಲೆ ದಾರಿಗೆ ಅಡ್ಡ ಹಾಸಿದ್ದರೆ ಸುತ್ತು ಹಾಕಿ ಹೋಗುತ್ತಾಳೆ. ಮೂರು ವರ್ಷದ ಹುಡುಗಿಯೂ ದಾಟುವುದಿಲ್ಲ. ದಾಟಿದರೆ ಕಡಲಿಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಹೆದರಿಕೆ. ಯಾರೂ ಅದನ್ನು ಬಾಯಿಬಿಟ್ಟು ಆಡುವುದಿಲ್ಲ. ಆಡುವುದೇ ಅಪಶಕುನ.

"ನೋಡಿ, ನೋಡಿ! ಓಟು ಸಿಕ್ಕಿದ್ರೆ ಮೊದ್ಲು ಮಾಡುದು ಇದೇ!" ರೋಹಿತ ಕೂಗಿದ. "ನಾ ಇನ್ನು ಬರೆಯುದು ಎಂತ ಅದೆ? ಅವರ ಪೇಂಟರೇ ನಮ್ಮ ಪರವಾಗಿ ಬರ್ದು ಕೊಟ್ಟ!"

ನಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಅವಳ ಇಬ್ಬರು ಮಕ್ಕಳೂ ಕಡಲಿಗೆ ಹೋಗುವವರು. ಅವಳ ಹಿಂದೆ ಒಬ್ಬೊಬ್ಬರೇ...

"ನಾಗಕ್ಕಾ, ನೀನೂ ಹೋಗ್ತ್ಯಾ?"

"ಬರೇ ಚಿತ್ರ ಅಂತ ಗೊತ್ತದೆ ಮಗಾ. ಆದ್ರೂ ಎದೆ ನಡುಗ್ತದೆ. ಎಂತ ಮಾಡ್ಲಿ?"

ವೈಜಯಂತಿಯ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಮಾದೇವನಿಗೆ ಅವಳು ಎಲ್ಲವನ್ನೂ ಹೇಳಿದ್ದಳು. ಕೇರಿಯ ಕಷ್ಟ, ನಗೆ, ಜಗಳ ಎಲ್ಲ. ಇದನ್ನೂ ಹೇಳಿರಲೇಬೇಕು! ಗೊತ್ತಿದ್ದೂ ಹೀಗೆ ಮಾಡಿದನೇ?

ಅಷ್ಟರಲ್ಲಿ ಬಸ್ಸಿನಿಂದ ಇಳಿದು ಮಾದೇವ ಬಂದ. ಮುಖದ ತುಂಬ ನಗು.

"ನೋಡಿದ್ಯಾ ವೈಜೂ?"

"ಯಾರು ಹೇಳಿ ಬರೆಸಿದ್ರು ಇದನ್ನ?"

"ಯಾರೂ ಇಲ್ಲ! ನನ್ನ ಮನಸ್ಸಿಂದಲೇ ಬರ್ದೆ!"

ಹೆಮ್ಮೆಯಿಂದಲೇ ಹೇಳಿದ. ಅವಳ ಎದೆಗೆ ಯಾರೋ ಕಲ್ಲು ಎಸೆದ ಹಾಗಾಯಿತು.

"ನಿಮ್ಮ ಮನಸ್ಸಿಂದಲೇ..." ಅವಳು ಹಿಂದೆ ಸರಿದಳು. "ಅಧ್ಯಕ್ಷರ ಕಡೆ ಸೇರ್ಕೊಂಡ್ರಿ ಅಂತಾದ್ರೂ ಹೇಳ್ಬಾರದಾಗಿತ್ತಾ? ಇನ್ನು ಈ ಕೇರಿಗೆ ಬರಬೇಡಿ. ನನ್ನ ಕಣ್ಣೆದುರಿಗೆ ಬರಬೇಡಿ."

"ವೈಜೂ! ಎಂತ ಆಯ್ತು ಅಂತ..."

ಅವಳು ಓಡಿದ್ದಳು.

ಏನಾಯಿತೆಂದು ಅವನಿಗೆ ಹೇಳಿದವರು ದೇವಿದಾಸರು. "ಪೇಂಟರೇ, ಬಾಳ ಉಪಕಾರ ಆಯ್ತು," ಎಂದು ಭುಜ ತಟ್ಟಿ, ಕಿವಿಯಲ್ಲಿ ಬಲೆಯ ವಿಷಯ ಪಿಸುಗುಟ್ಟಿ ಹೋದರು. ಮಾದೇವ ಬಣ್ಣ ಹೋದ ಮುಖ ಹೊತ್ತು, ಎಲ್ಲಿಂದಲೋ ಸುಣ್ಣ ತಂದು ಇಡೀ ಗೋಡೆ ಬಳಿದ. ಆಮೇಲೆ ವೈಜಯಂತಿಯ ಮನೆಯ ಬಾಗಿಲಿಗೆ ಹೋದ. ಜಗದೀಶ ಅಡ್ಡ ನಿಂತ.

"ಹೋಗಿ ಮಾರಾಯ್ರೆ. ಇಲ್ಲಿ ಇದ್ರೆ ಯಾರಾದ್ರೂ ಕೈ ಮಾಡ್ತ್ರು. ನನ್ನಿಂದ ತಡಿಯೂಕೆ ಆಗೂದಿಲ್ಲ."

ಒಳಗಿನಿಂದ ವೈಜಯಂತಿಗೆ ಬಿಳಿ ಗೋಡೆ ಕಾಣುತ್ತಿತ್ತು. 'ಕೆಲಸ ಮುಗಿಯಿತು, ಒರೆಸಿಕೊಂಡ...' ಎಂದುಕೊಂಡಳು.

* * *

ಸಭೆಯ ದಿನ ಹೆಂಗಸರು ಕಿಟಕಿಯ ಹೊರಗೆ ನಿಂತಿದ್ದರು. ಬಂದವರು ಬಹಳ ಕಡಿಮೆ.

"ಹೆಂಗಸರಿಗೆ ಮತ ಬೇಡ ಎನ್ನುವವರು?" ದೇವಿದಾಸರು ಕೇಳಿದರು.

ಕೈಗಳು ಎದ್ದವು. ಕಿಟಕಿಯ ಸರಳು ಹಿಡಿದ ವೈಜಯಂತಿ ಅಣ್ಣನ ಬೆನ್ನನ್ನೇ ನೋಡುತ್ತಿದ್ದಳು. 'ಬೇಡ ಅಣ್ಣಾ... ನೀನೊಬ್ಬ ಎತ್ತಬೇಡ...'

ಜಗದೀಶನ ಕೈ ನಿಧಾನಕ್ಕೆ ಮೇಲೆ ಹೋಯಿತು.

ಬಯಲನ್ನು ಲಾರಿಗೆ ಕೊಡುವ ನಿರ್ಣಯವೂ ಅದೇ ಗಾಳಿಯಲ್ಲಿ ಪಾಸಾಯಿತು.

ಮನೆಗೆ ಬಂದ ಅಣ್ಣ ತಂಗಿಯ ಮುಖ ನೋಡಲಿಲ್ಲ. "ನಾ ಕೈ ಎತ್ತದಿದ್ರೆ ನನ್ನ ದೋಣಿಗೆ ಯಾರೂ ಹತ್ತುದಿಲ್ಲ ಅಂದ್ರು ವೈಜೂ. ಒಬ್ನೇ ಬಲೆ ಎಳಿಯೂಕೆ ಆಗ್ತದಾ?"

ಬೈಯಬೇಕೆಂದರೂ ಅವಳಿಗೆ ಆಗಲಿಲ್ಲ. ಅವನ ಮುಂದೆ ಗಂಜಿ ಇಟ್ಟಳು. ಇಬ್ಬರೂ ಉಣ್ಣಲಿಲ್ಲ.

* * *

ಮಳೆ ಹಿಡಿಯಿತು. ಕಡಲು ಮುಚ್ಚಿತು. ಬಯಲಿನಲ್ಲಿ ಕೆಂಪು ಕೆಸರು ಹಚ್ಚಿಕೊಂಡ ಲಾರಿಗಳು ನಿಂತವು.

ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನನ್ನು ಮಳೆಗಾಲದಲ್ಲಿ ಒಳನಾಡಿನ ಮನೆಮನೆಗೆ ಹೊತ್ತು ಮಾರುವುದು ವಾಡಿಕೆ. ವೈಜಯಂತಿ ಅಗಸೂರಿನ ಬಸ್ಸು ಹತ್ತಿದಳು. ಮೀನು ಮಾರಲು ಬೇರೆ ಊರುಗಳಿದ್ದವು, ನಿಜ. ಆದರೆ 'ಯಾಕೆ?' ಎಂದು ಅವನ ಮುಖ ನೋಡಿ ಒಮ್ಮೆ ಕೇಳದೆ ಅವಳಿಗೆ ನಿದ್ದೆ ಬರುವ ಹಾಗಿರಲಿಲ್ಲ.

ಪೇಂಟರನ ಮನೆಯನ್ನು ಕೇಳಿ ಕೇಳಿ ಹೋದಳು. ಮನೆಯವರೆಲ್ಲ ಗದ್ದೆಯ ಬದುವಾದ ಹಾಳಿಯ ಮೇಲಿದ್ದರು. ನಾಟಿಯ ಮೊದಲ ದಿನ. ಅಲ್ಲಿ ಮಾದೇವನೂ ಇದ್ದ. ಬೆನ್ನು ಇತ್ತ ಇತ್ತು. ಸೊರಗಿದ್ದ.

ಕರೆಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು.

ಹಾಳಿಯ ಅಂಚಿನಲ್ಲಿ ಒಂದು ಹಳೆಯ ನೊಗ ಅಡ್ಡ ಇಟ್ಟಿತ್ತು. ಕುಂಕುಮ ಹಚ್ಚಿ ಹೂವು ಏರಿಸಿದ್ದರು. ಆಳುಗಳು, ಮನೆಯ ಗಂಡಸರು ಯಾರೂ ಗದ್ದೆಗೆ ಇಳಿದಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಮಾದೇವನ ತಾಯಿ ಸಸಿಯ ಕಟ್ಟು ಹಿಡಿದು ಬಂದಳು. ಸೀರೆ ತುಸು ಎತ್ತಿ, ನಗುತ್ತ, ಕಾಲು ಎತ್ತಿ ನೊಗವನ್ನು ದಾಟಿದಳು.

ಎಲ್ಲರೂ ಕೈ ಮುಗಿದರು.

ಎತ್ತಿದ ಆ ಕಾಲು! ಮುಖದ ಮೇಲಿನ ಆ ನಗು! ವೈಜಯಂತಿ ಅದನ್ನು ಗೋಡೆಯ ಮೇಲೆ ನೋಡಿದ್ದಳು.

"ಇದು... ಎಂತಕ್ಕೆ ಹೀಗೆ?" ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿದಳು.

"ನಮ್ಮನೇಲಿ ಹೀಗೇ ಅಕ್ಕ. ಮನೆ ಹೆಂಗಸು ದಾಟಿ ಇಳಿದ ಮೇಲೇ ಉಳಿದವರು. ಅವಳು ದಾಟದೆ ಬೆಳೆ ಬರೂದಿಲ್ಲ ಅಂತ," ಎಂದಳು ಮಾದೇವನ ತಂಗಿ ಪ್ರೇಕ್ಷಾ. "ಟಿಲ್ಲರ್ ಬಂದ ಮೇಲೆ ನೊಗಕ್ಕೆ ಬೇರೆ ಕೆಲ್ಸ ಇಲ್ಲ. ಇದಕ್ಕೇ ಅಂತ ಅಟ್ಟದಿಂದ ಇಳಿಸ್ತ್ರು."

ವೈಜಯಂತಿ ಬುಟ್ಟಿ ಇಳಿಸಿ ಹಾಳಿಯ ಮೇಲೆ ಕೂತುಬಿಟ್ಟಳು.

ಅವನು ತನ್ನ ಮನೆಯಲ್ಲಿ ಅತಿ ದೊಡ್ಡದೆಂದು ಕಂಡ ಮರ್ಯಾದೆಯನ್ನು ಅವಳಿಗೆ ಕೊಟ್ಟಿದ್ದ. ಮತ್ತು ಅವಳು... ಎಲ್ಲವನ್ನೂ ಹೇಳಿದ್ದೇನೆ ಎಂದುಕೊಂಡವಳು, ಬಲೆಯ ವಿಷಯ ಮಾತ್ರ ಹೇಳಿರಲೇ ಇಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ!

ಮಾದೇವ ತಿರುಗಿದ. ನೋಡಿದ. ಕೆಸರಲ್ಲೇ ಓಡಿ ಬಂದವನು ಅವಳಿಂದ ದೂರದಲ್ಲಿ ನಿಂತ. ಕಣ್ಣೆದುರಿಗೆ ಬರಬೇಡ ಎಂದಿದ್ದಳಲ್ಲ...

"ನಂಗೆ ಗೊತ್ತಿಲ್ಲಾಗಿತ್ತು ವೈಜೂ," ಎಂದ. ಅಷ್ಟೇ.

"ನಾ ಹೇಳಿರ್ಲಿಲ್ಲ."

"ನಾನಾದ್ರೂ ಕೇಳ್ಬೇಕಾಗಿತ್ತು. ನಿನ್ನ ಚಿತ್ರ, ನಿನ್ನನ್ನೇ ಕೇಳ್ದೆ ಬರ್ದೆ. ನಿಮ್ಮ ಓಟು ನನ್ನಿಂದ ಹೋಯ್ತು. ಬಯಲೂ ಹೋಯ್ತು."

ಹೋದದ್ದು ಹೋಗಿತ್ತು. ಅದನ್ನು ಮರಳಿ ತರುವುದು ಅವನ ಕೈಯಲ್ಲೂ ಇರಲಿಲ್ಲ, ಅವಳ ಕೈಯಲ್ಲೂ ಇರಲಿಲ್ಲ.

ಅವಳ ಕಣ್ಣಿಂದ ನೀರು ಇಳಿಯಿತು. "ಎಲ್ರೂ ಸೇರಿ ನಮ್ಮ ವಿಷಯ ನಿರ್ಧಾರ ಮಾಡಿದ್ರು. ನಾವು ಕಿಟಕಿ ಹೊರಗೆ ನಿಂತು ನೋಡಿದ್ವು. ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ ಮಾದೇವಾ..."

ಅವನು ಹತ್ತಿರ ಬಂದು, ಕೆಸರುಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವಳೆದುರು ಕುಕ್ಕರಗಾಲಲ್ಲಿ ಕೂತ.

"ನಾ ಒಂದು ಕೇಳ್ಲಾ? ನಿನ್ನ ಅಣ್ಣನ್ನ ಅಲ್ಲ, ಸಮಾಜನ್ನ ಅಲ್ಲ. ನಿನ್ನ."

ಅವಳು ತಲೆ ಎತ್ತಿದಳು.

"ನನ್ನ ಮದುವೆ ಆಗ್ತ್ಯಾ? ಇಲ್ಲ ಅಂದ್ರೂ ಸರಿಯೇ."

"ಇಲ್ಲ ಅಂದ್ರೆ ನೀ ಎಂತ ಮಾಡ್ತೆ?"

"ಎಂತದೂ ಇಲ್ಲ. ಬಸ್ಸಿನವರೆಗೆ ಬಿಟ್ಟು ಬರ್ತೆ."

"ಹೌದು ಅಂದ್ರೆ?"

"ಆಗ್ಲೂ ಬಸ್ಸಿಗೆ ಬಿಡ್ಲೇಬೇಕಲ್ಲ ಇವತ್ತು. ಇರೂದು ಒಂದೇ ಬಸ್ಸು."

ಅಳುತ್ತಿದ್ದವಳಿಗೆ ನಗು ಬಂತು. ಅಣ್ಣ ಒಪ್ಪುವುದಿಲ್ಲ, ಕೇರಿ ಬಾಗಿಲು ಹಾಕುತ್ತದೆ, ಇವನ ಮನೆಯವರು ಏನನ್ನುವರೋ ತಿಳಿಯದು. ಎಲ್ಲವೂ ಗೊತ್ತಿತ್ತು ಅವಳಿಗೆ.

ಅವನು ಅವಸರ ಮಾಡಲಿಲ್ಲ. ಕಾಯುತ್ತ ಕೂತಿದ್ದ.

"ಹಾಗಾದ್ರೆ..." ವೈಜಯಂತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹೌದು."