ಬ್ರೇಕಿನ ಸದ್ದು ಬದಲಾದ ಬೆಳಿಗ್ಗೆ

ಬೆಟ್ಟದ ಮೇಲಿನ ಮನಿಸಾಲೆಸ್ ಊರಿನ ಒಂದು ಕಡಿದಾದ ಬೀದಿಯಲ್ಲಿ, ಎದಿಲ್ಮಳ ಗ್ಯಾರೇಜಿನ ಮುಂದೆ, ಒವಿದಿಯೊನ ಹಳೆಯ ಕಾರು ದಿನವೂ ಕಿರ್ರೆಂದು ಕೂಗುತ್ತಾ ಇಳಿಯುತ್ತಿತ್ತು. ಆ ಬೆಳಿಗ್ಗೆ ಮಾತ್ರ ಕೂಗಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕರಕರ ಎಂದಿತು.

ಎದಿಲ್ಮ ಕೈಯಲ್ಲಿದ್ದ ಸ್ಪ್ಯಾನರ್ ಬಿಸಾಡಿದಳು. ಬೀದಿಗೆ ಓಡಿ ಕಾರಿನ ಕಿಟಕಿಗೆ ಬಡಿದಳು.

“ನಿಲ್ಸಿ! ಇಳೀರಿ ಕೆಳಗೆ!”

“ಬೆಳ್ಬೆಳಿಗ್ಗೆ ಇಷ್ಟೊಂದು ಪ್ರೀತಿನಾ ಮೇಡಂ?” ಬೇಕರಿಯ ಒವಿದಿಯೊನ ಕಣ್ಣಂಚಿನಲ್ಲಿ ತುಂಟ ನಗು. ಹಿಂದಿನ ಸೀಟಿನಲ್ಲಿ ಬಿಸಿ ಚೀಸ್ ಬನ್ನುಗಳ ಬುಟ್ಟಿ.

“ಇವತ್ತು ಎಲ್ಲಿಗೆಲ್ಲ ಹೋಗ್ಬೇಕು?”

“ಮಧ್ಯಾಹ್ನ ಅಮ್ಮನ್ನ ಕರ್ಕೊಂಡು ಮರಿಕಿತಕ್ಕೆ.”

ಮರಿಕಿತ! ಆ ಊರಿಗೆ ಇಳಿದಷ್ಟೂ ಮುಗಿಯದ ಘಾಟಿ ದಾರಿ. ಅಲ್ಲೇ ಅವಳ ಅಣ್ಣನ ಲಾರಿ ಬ್ರೇಕ್ ಹಿಡಿಯದೆ ಕಂದರಕ್ಕೆ ಉರುಳಿತ್ತು. ಅಂದಿನಿಂದ ಅವಳು ಆ ದಾರಿ ತುಳಿದಿರಲಿಲ್ಲ.

ಅವಳು ಜ್ಯಾಕ್ ಏರಿಸಿ ಹಿಂದಿನ ಚಕ್ರ ಬಿಚ್ಚಿದಳು. ಬ್ರೇಕ್ ಡ್ರಮ್ ಅಂಟಿಕೊಂಡಿತ್ತು. ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಳೆದಾಗ ಕಪ್ಪು ಧೂಳು ಸುರಿಯಿತು.

“ನೋಡಿ, ಬ್ರೇಕ್ ಶೂ ಮೇಲೆ ಡ್ರಮ್ಮಿಗೆ ಒತ್ತೋ ಲೈನಿಂಗ್ ಪಟ್ಟಿ ಪೂರ್ತಿ ಸವೆದಿದೆ. ಸ್ಪ್ರಿಂಗೂ ಸೋತಿದೆ. ಇಷ್ಟು ದಿನ ಕೂಗ್ತಿತ್ತಲ್ಲ, ತೋರಿಸ್ಬಾರ್ದಿತ್ತಾ? ಗ್ಯಾರೇಜು ಇಲ್ಲೇ ಇದೆ!”

ಒವಿದಿಯೊನ ಕಿವಿಗಳು ಕೆಂಪಾದವು. “ಅದು ಕೂಗಿದ್ರೆ ನೀವು ಬಾಗಿಲಿಗೆ ಬಂದು ನೋಡ್ತಿದ್ರಿ. ರಿಪೇರಿ ಆದ್ರೆ ನೋಡಲ್ವೇನೋ ಅಂತ...”

“ಹುಚ್ಚೇನ್ರೀ ನಿಮಗೆ?” ಅವಳ ದನಿ ಒಡೆಯಿತು. “ನಾನು ನೋಡ್ತಿದ್ದಿದ್ದು ಕಾರು ತಿರುವು ದಾಟ್ತಾ ಅಂತ. ದಾಟೋವರೆಗೂ ನನಗೆ ಉಸಿರೇ ಬರ್ತಿರ್ಲಿಲ್ಲ. ಹೇಳೋಣ ಅಂದ್ರೆ ನಿಮ್ಮ ಮುಂದೆ ಬಾಯೇ ಬರಲ್ಲ.”

ಕಣ್ಣೊರೆಸಿಕೊಂಡಾಗ ಕೆನ್ನೆಗೆ ಗ್ರೀಸು ಮೆತ್ತಿತು. ಅವನು ಒರೆಸಲು ಕೈ ಎತ್ತಿ, ಧೈರ್ಯ ಸಾಲದೆ ಅರ್ಧಕ್ಕೇ ನಿಲ್ಲಿಸಿದ. ಅವನ ಮುಖದಲ್ಲಿ ನಗು ಉಳಿದಿರಲಿಲ್ಲ.

ಎರಡೂ ಹಿಂಚಕ್ರಗಳಿಗೆ ಹೊಸ ಶೂ, ಹೊಸ ಸ್ಪ್ರಿಂಗ್ ಹಾಕಿದಳು. ಒದ್ದೆ ಬಟ್ಟೆಯಿಂದ ಧೂಳು ಒರೆಸಿದಳು. ಚಕ್ರವನ್ನು ಮತ್ತೆ ಮತ್ತೆ ತಿರುಗಿಸಿ ಕಿವಿಗೊಟ್ಟಳು. ಆಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಕಾರನ್ನು ಇಳಿಜಾರಿಗೆ ಬಿಟ್ಟಳು. ತಿರುವಿನಲ್ಲಿ ಬ್ರೇಕ್ ಒತ್ತಿದಳು. ಕಾರು ಸದ್ದಿಲ್ಲದೆ ನಿಂತಿತು. ಆದರೂ ಅವಳು ಹ್ಯಾಂಡ್‌ಬ್ರೇಕನ್ನೂ ಎಳೆದು ಹಿಡಿದಳು; ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

“ಇವತ್ತು ಹೋಗಲ್ಲ ಬಿಡಿ,” ಎಂದ ಒವಿದಿಯೊ. “ನಿಮಗೆ ಭಯ ಆಗ್ತಿದೆ.”

“ನಾಳೆನೂ ಆಗುತ್ತೆ. ನೀವು ಯಾವಾಗ ಹೋದ್ರೂ ಆಗುತ್ತೆ.”

“ಹಾಗಾದ್ರೆ... ನೀವೂ ಬರ್ತೀರಾ?”

ಅವಳು ದೂರದ ಮಂಜಿನ ಬೆಟ್ಟವನ್ನೇ ನೋಡುತ್ತಾ ಕುಳಿತಳು. ಅಣ್ಣನ ಲಾರಿ ಹೋದ ದಾರಿ ಅತ್ತಲೇ ಇತ್ತು. ಕೊನೆಗೆ ಮೆಲ್ಲಗೆ ಕೇಳಿದಳು:

“ಗಾಡಿ ನಾನೇ ಓಡಿಸ್ತೀನಿ. ನಾನ್ಯಾರು ಅಂತ ನಿಮ್ಮಮ್ಮ ಕೇಳಿದ್ರೆ ಏನಂತೀರಿ?”

“ಮೆಕ್ಯಾನಿಕ್ ಅಂತೂ ಅನ್ನಲ್ಲ.”

ಹ್ಯಾಂಡ್‌ಬ್ರೇಕ್ ಹಿಡಿದಿದ್ದ ಅವಳ ಕೈಮೇಲೆ ಅವನು ಕೈಯಿಟ್ಟ. ಎದಿಲ್ಮ ಕೈ ಎಳೆದುಕೊಳ್ಳಲಿಲ್ಲ.