ಮಣ್ಣುಮುಕ್ಕ ಹಾವೂ ಹಾಲಿನ ಬಟ್ಟಲೂ

ಬೆಟ್ಟಗಳಿಗಿನ್ನೂ ಬಾಯಿ ಇದ್ದ ಕಾಲದಲ್ಲಿ ಹುತ್ತಾವತಿ ಅಂತ ಒಂದು ರಾಜ್ಯ. ಅಲ್ಲಿ ಮನೆಗೊಂದು ಹಾವು ಸಾಕಲೇಬೇಕೆಂಬ ಕಟ್ಟಳೆ. ಹಾವು ಕೊಡುವವನು ಮಂತ್ರವಾದಿ ಕರಾಳಯ್ಯ. ಬುಟ್ಟಿಯ ಜೊತೆಗೆ ಒಂದು ಬಟ್ಟಲು ಹಾಲನ್ನೂ ಕೊಟ್ಟು, "ಹಾವನ್ನು ಕೊಂದವರು ಕಲ್ಲಾಗಲಿ" ಎಂದು ಶಾಪ ಹಾಕಿ ಕಳಿಸುತ್ತಿದ್ದ, ಮನೆಹಾಳ!

ಗಾಣಗಿತ್ತಿ ಸಿರಿಯಕ್ಕನ ತಮ್ಮ ಮಾಚ ಥಳಥಳ ಹೊಳೆಯುವ ಹಾವು ತಂದ, ಪದ್ಧತಿಯಂತೆ ಹಾಲೆರೆದ. ಮೂರೇ ದಿನಕ್ಕೆ ಹಾವು ಸತ್ತಿತು. ಮಾಚ ನಿಂತಲ್ಲೇ ಕಲ್ಲಾದ. ಹಾಗೆ ಕಲ್ಲಾಗಿ ನಿಂತವರು ಊರಲ್ಲಿ ಆಗಲೇ ಎಷ್ಟೋ ಮಂದಿ.

ಸಿರಿಯಕ್ಕನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನೆಟ್ಟಗೆ ಕರಾಳಯ್ಯನ ಅಂಗಳಕ್ಕೆ ನುಗ್ಗಿದಳು. ಹಿಂದೆ ಊರಿಗೆ ಊರೇ ಬಂತು.

"ನನ್ನ ತಮ್ಮನನ್ನು ಬಿಡೋ!"

ಕರಾಳಯ್ಯ ನಕ್ಕ. "ಮೂರು ಬುಟ್ಟಿಯಿವೆ. ಒಂದು ಹಾವು ಆರಿಸಿ ನಾಲ್ಕು ದಿನ ಉಳಿಸು, ಬಿಡ್ತೀನಿ. ಸತ್ತರೆ ನೀನೂ ಕಲ್ಲು."

ಮೊದಲ ಬುಟ್ಟಿಯಲ್ಲಿ ಚಿನ್ನದ ಹೆಡೆಯ ಹಾವು.

"ಏನು ತಿಂತೀಯ? ಎಷ್ಟು ಬೆಳೀತೀಯ? ಸಿಟ್ಟು ಬಂದ್ರೆ ಏನ್ಮಾಡ್ತೀಯ?"

"ಹಾವುಗಳನ್ನೇ ತಿಂತೀನಿ. ಸೂರು ಮುಟ್ಟೋವರೆಗೆ ಬೆಳೀತೀನಿ. ಸಿಟ್ಟು ಬಂದ್ರೆ ಕಚ್ಚಿ ಕೊಲ್ತೀನಿ."

"ಹೊಸಬಳ ಕೈಗೆ ನೀನು ಬೇಡಪ್ಪ." ದಬಕ್ಕನೆ ಮುಚ್ಚಿದಳು.

ಎರಡನೆಯದರಲ್ಲಿ ಹೆಬ್ಬಾವಿನ ಮರಿ. ಅದೇ ಮೂರು ಪ್ರಶ್ನೆ.

"ದಿನಕ್ಕೊಂದು ಮೇಕೆ. ದಿನಕ್ಕೊಂದು ಮೊಳ. ಸಿಟ್ಟು ಬಂದ್ರೆ ಅಪ್ಪಿಕೊಳ್ತೀನಿ."

"ನಿನ್ನ ಅಪ್ಪುಗೆಗೆ ಬೆಂಕಿ ಹಾಕ!" ಅದನ್ನೂ ಮುಚ್ಚಿದಳು.

ಮೂರನೆಯದರಲ್ಲಿ ಕೆಸರು ಬಣ್ಣದ ಗಿಡ್ಡ ಹಾವು, ಮಣ್ಣುಮುಕ್ಕ. ಜನ ಗೊಳ್ಳೆಂದು ನಕ್ಕರು.

"ವಾರಕ್ಕೊಂದು ಇಲಿ ಸಾಕು," ಎಂದಿತು ಅದು. "ನಿನ್ನ ತೋಳಿನುದ್ದಕ್ಕಿಂತ ಬೆಳೆಯಲ್ಲ. ಸಿಟ್ಟು ಬಂದ್ರೆ ಮರಳಲ್ಲಿ ತಲೆ ಹುದುಗಿಸ್ತೀನಿ."

"ಬಾರೋ ನನ್ನಪ್ಪ, ನೀನೇ ಸರಿ."

ಕರಾಳಯ್ಯ ಹಾಲಿನ ಬಟ್ಟಲು ಮುಂದೆ ತಳ್ಳಿದ. "ಎರೆಯಮ್ಮ, ಪಾಪ, ಹಸಿದಿದೆ."

ಸಿರಿಯಕ್ಕನ ಕೈ ರೂಢಿಯಂತೆ ಬಟ್ಟಲಿಗೆ ಹೋಯಿತು. ಅಷ್ಟರಲ್ಲಿ ನೆನಪಾಯಿತು: ಮೂರು ಹಾವಿನಲ್ಲಿ ಒಂದಾದರೂ ಹಾಲಿನ ಹೆಸರೆತ್ತಿತ್ತೇ?

"ಹಾಲು ಕುಡೀತೀಯೇನೋ?"

"ನಮ್ಮ ಆಹಾರವೇ ಅಲ್ಲ ಅಕ್ಕ. ಇವನು ವಾರಗಟ್ಟಲೆ ನೀರು ಕೊಡದೆ ಒಣಗಿಸ್ತಾನೆ. ಬಾಯಾರಿಕೆ ತಡೆಯದೆ ಕುಡೀತೀವಿ, ಕುಡಿದು ಸಾಯ್ತೀವಿ."

ಸಿರಿಯಕ್ಕನ ಕಣ್ಣು ಕೆಂಡವಾಯಿತು. ಬಟ್ಟಲನ್ನೆತ್ತಿ ಅವನ ಕಾಲಬುಡಕ್ಕೆ ಕುಕ್ಕಿದಳು. "ಕೇಳ್ರಪ್ಪೋ! ಹಾವು ಕೊಂದವನು ನನ್ನ ತಮ್ಮನಲ್ಲ. ಒಣಗಿಸಿ, ಹಾಲು ಕೊಟ್ಟು ಕಳಿಸಿದ ಇವನು! ಶಾಪವೇ, ಕಿವಿಯಿದ್ದರೆ ಕೇಳಿಸಿಕೋ, ಕೊಂದವನು ಇಲ್ಲಿದ್ದಾನೆ!"

ಶಾಪಕ್ಕೆ ಕಿವಿಯಿತ್ತು. ಕರಾಳಯ್ಯ ಕಾಲಿನಿಂದ ಕಲ್ಲಾಗುತ್ತ ಬಂದ. ಬಾಯಿ ತೆರೆದದ್ದು ತೆರೆದೇ ಉಳಿಯಿತು. ಊರ ಕಲ್ಲುಗಳೆಲ್ಲ ಮೈಮುರಿದು ಎದ್ದು ಮನುಷ್ಯರಾದವು.

ಮಾಚ ಓಡಿ ಬಂದ. ಸಿರಿಯಕ್ಕ ತಬ್ಬಿಕೊಂಡು ಅತ್ತಳು, ಆಮೇಲೆ ಬೆನ್ನಿಗೊಂದು ಗುದ್ದಿದಳು. "ಹೊಳಪು ನೋಡಿ ತಂದೆಯಲ್ಲೋ! ಏನು ತಿಂತೀಯ ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?"

ಅಂದಿನಿಂದ ಹುತ್ತಾವತಿಯಲ್ಲಿ ಹಾವು ಸುಖವಾಗಿತ್ತು, ಸಾಕಿದವರೂ ಸುಖವಾಗಿದ್ದರು. ಸಿರಿಯಕ್ಕ ಮಣ್ಣುಮುಕ್ಕನ ಮುಂದೆ ಮೊದಲು ಇಟ್ಟದ್ದು ಒಂದು ಬಟ್ಟಲು ನೀರು.